ತೊಳೆಯದ ತಾಟು

ನನಗೆ ಸಿಟ್ಟು ಬರುವುದಿಲ್ಲ ಎಂಬ ಹೆಸರು ಮನೆಯಲ್ಲಿಯೂ ಇದೆ, ಕಾಲೇಜಿನಲ್ಲಿಯೂ ಇದೆ. ಅದು ನಿಜವಲ್ಲ. ಬರುತ್ತದೆ, ಬೇಕಾದಷ್ಟು ಬರುತ್ತದೆ. ಆದರೆ ಮನುಷ್ಯರ ಮೇಲೆ ಸಿಟ್ಟಾದರೆ ಅವರೊಂದಿಗೆ ನಾಲ್ಕು ಮಾತು ಆಡಬೇಕಾಗುತ್ತದೆ, ಅವರು ಎಂಟು ಆಡುತ್ತಾರೆ, ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ನಗಬೇಕೋ ಬೇಡವೋ ಎಂದು ಯೋಚಿಸಬೇಕಾಗುತ್ತದೆ. ಇಷ್ಟೆಲ್ಲ ತಾಪತ್ರಯ ನನ್ನಿಂದಾಗದು. ಆದ್ದರಿಂದ ನಾನು ಎದುರಾಡದ ವಸ್ತುಗಳ ಮೇಲೆ ಸಿಟ್ಟಾಗುತ್ತೇನೆ. ಮುಚ್ಚಳ ಕೂಡದ ಡಬ್ಬಿ, ಅರ್ಧಕ್ಕೇ ನಿಲ್ಲುವ ಜಿಪ್ಪು, ಮತ್ತು ಇವೆಲ್ಲವುಗಳಿಗಿಂತ ಹೆಚ್ಚಾಗಿ, ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ವಾರಕ್ಕೆ ಹದಿನಾರು ತಾಸು ಕಲಿಸುವ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ. ಹೆಬ್ಬಾವಿನ ಹೆಸರು ಹೊತ್ತ ಈ ಭಾಷೆಯನ್ನು ಎಲ್ಲರೂ ಬಹಳ ಸುಲಭ, ಬಹಳ ಸೌಮ್ಯ ಎನ್ನುತ್ತಾರೆ. ನನ್ನನ್ನೂ ಹಾಗೇ ಅನ್ನುತ್ತಾರೆ. ಇಬ್ಬರ ವಿಷಯದಲ್ಲಿಯೂ ಹಾಗೆ ಅನ್ನುವವರು ಹತ್ತಿರದಿಂದ ನೋಡಿದವರಲ್ಲ.

ನನ್ನ ದೂರುಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ಒಂದರಿಂದ ಹತ್ತರವರೆಗೆ ಎಣಿಸು ಎಂದರೆ ಈ ಭಾಷೆ ಒಂಬತ್ತಕ್ಕೆ ನಿಲ್ಲುತ್ತದೆ. ಧಾರವಾಡಕ್ಕೆಂದು ಟಿಕೆಟ್ ತೆಗೆದವರನ್ನು ಒಂದು ಸ್ಟಾಪು ಮೊದಲೇ ಇಳಿಸಿ, ‘ಧಾರವಾಡದವರೆಗೆ ಅಂದರ ಧಾರವಾಡ ಬಿಟ್ಟು’ ಎಂದು ಕಂಡಕ್ಟರ್ ಹೇಳಿದರೆ ಬಸ್ಸಿನಲ್ಲಿ ಏನಾದೀತು ಎಂದು ಇದನ್ನು ಮಾಡಿದವರು ಯೋಚಿಸಿಲ್ಲ. ಹೆಸರುಗಳನ್ನೆಲ್ಲ ಒಂದು ಸಾಲಿಗೆ ಪೋಣಿಸಬೇಕಾದರೆ ಹೆಸರುಗಳಿಗೆ ಹೇಳುವಂತಿಲ್ಲ, ನಡುವೆ ಬರುವ ಅಲ್ಪವಿರಾಮಕ್ಕೆ ಹೇಳಬೇಕು. ಹೂ ಮಾರುವವಳ ಎದುರು ಕುಳಿತು, ಅವಳನ್ನೂ ಬಿಟ್ಟು ಹೂವನ್ನೂ ಬಿಟ್ಟು, ದಾರವನ್ನು ಕುರಿತು ‘ಮಾಲೆ ಕಟ್ಟು’ ಎಂದಂತೆ ಇದು. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಜೋಡಿಸುತ್ತದೆ, ಆದರೆ ಜೋಡಿಸಿದ್ದನ್ನು ಕೊಡು ಎಂದು ಕೈಚಾಚಿದರೆ ಕೈಗೆ ಏನೂ ಹಾಕುವುದಿಲ್ಲ. ಜೋಡಿಸಿ ಕೈಗೆ ಕೊಡುವುದು ಇನ್ನೊಂದಿದೆ, ಅದರ ಹೆಸರೂ ಹೆಚ್ಚುಕಡಿಮೆ ಇದೇ. ತಾರೀಖು ನೋಡುವ ಲೈಬ್ರರಿಯ ಹೆಸರೂ ಅದರೊಳಗಿನ ಮುಖ್ಯ ವಸ್ತುವಿನ ಹೆಸರೂ ಒಂದೇ. ನಮ್ಮ ಕಡೆಯೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ, ಒಪ್ಪುತ್ತೇನೆ. ಆದರೆ ಅಜ್ಜನನ್ನು ಕರೆದಾಗ ಮೊಮ್ಮಗ ಓಡಿಬಂದರೆ ‘ನೀ ಅಲ್ಲೋ’ ಎಂದು ಕಳಿಸಬಹುದು. ಇಲ್ಲಿ ಹಾಗಿಲ್ಲ, ಅರ್ಧ ದಿನ ಹೋಗುತ್ತದೆ. ಸಾಲುಗಳನ್ನು ಅಂಚು ಬಿಟ್ಟು ಒಪ್ಪವಾಗಿ ಬರೆಯಲೇಬೇಕೆಂಬ ಅದರ ನಿಯಮವೊಂದು ಮಾತ್ರ ನನಗೆ ಇಷ್ಟ. ಅದನ್ನು ಬಯ್ಯುವ ವಿದ್ಯಾರ್ಥಿಗಳ ನೋಟುಬುಕ್ಕುಗಳನ್ನು ನಾನು ನೋಡಿದ್ದೇನೆ.

ಇವೆಲ್ಲ ದಿನನಿತ್ಯದ ಕಿರಿಕಿರಿ. ನಾನು ಸಹಿಸಲಾರದ್ದು ಇನ್ನೊಂದಿದೆ. ಅದು ನನ್ನನ್ನು ಹನ್ನೊಂದು ಮನೆಗಳ ಕಟ್ಟೆ ಹತ್ತಿಸಿತು, ಅಕ್ಕನ ಕುಬಸವನ್ನೇ ಕೆಡಿಸುವುದರಲ್ಲಿತ್ತು.

ನಮ್ಮ ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿದ್ದಾರೆ. ಈ ಸಲ ಏಳನೆಯ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮಾಡುವುದೆಂದು ನಿಶ್ಚಯವಾಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಊಟ. ಅಕ್ಕ ಯಾವುದಕ್ಕೂ ಹಟ ಮಾಡುವವಳಲ್ಲ. ಒಂದೇ ಮಾತು ಹೇಳಿದಳು: “ಸಂಪಗಾಂವದ ಅತ್ತಿ ಬರಬೇಕ ನೋಡ. ಮೊದಲ ಉಡಿ ಆಕೀನ ತುಂಬಬೇಕು.” ಯಾಕೆಂದು ನಾವು ಯಾರೂ ಕೇಳಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಬಸಿರು ನಿಲ್ಲದೆ ಹೋದಾಗ ಎಲ್ಲರೂ ರಾಮದುರ್ಗಕ್ಕೆ ಹೋಗಿ ಸಮಾಧಾನ ಹೇಳಿ ಬಂದೆವು. ಸಂಪಗಾಂವದ ಈ ಕಾಶವ್ವತ್ತೆ ಒಬ್ಬಳು ಸಮಾಧಾನ ಹೇಳಲಿಲ್ಲ. ಹದಿನೈದು ದಿನ ಅಲ್ಲಿಯೇ ಉಳಿದು, ದಿನಾಲೂ ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಳು.

ಕುಬಸಕ್ಕೆ ಕರೆಯಬೇಕಾದ ಮನೆಗಳು ನಲವತ್ತೊಂದು. ಬೈಲಹೊಂಗಲ, ದೊಡವಾಡ, ಕಿತ್ತೂರು, ಸವದತ್ತಿ ಎಂದು ಹರಡಿಕೊಂಡಿವೆ. ಅವ್ವನಿಗೆ ಮೊಣಕಾಲು ನೋವು, ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ಹತ್ತಿಯ ಸುಗ್ಗಿ. ಉಳಿದವಳು ನಾನು. ಮನೆಮನೆಗೆ ಹೋಗಿ, ಕುಂಕುಮ ಹಚ್ಚಿ, ಚಾ ಕುಡಿದು, ‘ನಿಂದ್ಯಾವಾಗವಾ?’ ಎಂಬ ಪ್ರಶ್ನೆಗೆ ನಲವತ್ತೊಂದು ಸಲ ನಗುವುದನ್ನು ನೆನೆದೇ ನನಗೆ ಜ್ವರ ಬಂದಂತಾಯಿತು. “ನಾ ಎಲ್ಲಾರಿಗೂ ಫೋನಿನ್ಯಾಗ ಚಂದಂಗ ಬರದ ಕಳಸ್ತೇನಿ” ಎಂದೆ.

“ಫೋನಿನ್ಯಾಗ ಕಳಿಸಿದ್ರ ಅದು ಸುದ್ದಿ ಆಕ್ಕೈತವಾ, ಕರಿ ಆಗೂದಿಲ್ಲ” ಎಂದಳು ಅವ್ವ.

“ಒಬ್ಬೊಬ್ಬರ ಹೆಸರ ಹಿಡದ ಬರೀತೇನಿ.”

ಹೆಸರು ಹಿಡಿಯುವುದೆಂದಮೇಲೆ ಅವ್ವ ಸ್ವಲ್ಪ ಸಡಿಲಾದಳು. ನಮ್ಮಲ್ಲಿ ‘ಮನಿಮಂದಿ ಎಲ್ಲಾ ಬರ್ರಿ’ ಎಂದರೆ ಸಾಲದು. ಯಾರ್‍ಯಾರು ಎಂದು ಹೆಸರು ಹೇಳಬೇಕು, ಹೇಳದ ಹೆಸರಿನವರು ಬರುವುದಿಲ್ಲ, ಬಂದರೂ ಉಣ್ಣುವುದಿಲ್ಲ. ಅವ್ವ ಕಾಲು ಚಾಚಿ ಕುಳಿತು ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಮೂವತ್ತು ಮನೆಗಳಿಗೆ ಅತ್ತೆ, ಸೊಸೆ, ಮಗಳು ಎಂದು ಪಟ್ಟಿ ಕೊಟ್ಟಳು. ಉಳಿದ ಹನ್ನೊಂದು ತೀರ ಹತ್ತಿರದ ಮನೆಗಳು. “ಅವ್ರಿಗೇನ ಹೇಳೂದು, ನಮ್ಮವ್ರ. ಮನಿ ಹಿರಿಯಾಕಿ ಹೆಸರೊಂದ ಹಾಕು, ಸಾಕು” ಎಂದಳು. ಆ ಹನ್ನೊಂದರಲ್ಲಿ ಮೊದಲ ಹೆಸರು ಗಂಗವ್ವ, ಅಂದರೆ ಅವ್ವನ ಅಕ್ಕ, ನಮ್ಮ ದೊಡ್ಡವ್ವ. ಕಾಶವ್ವತ್ತೆ, ಅಂದರೆ ಅಪ್ಪನ ತಂಗಿ, ಎಂಟನೆಯವಳು. ಕೊನೆಯವರು ಬಳೆ ಇಡುವ ಖಾತೂನಬೀ ಚಾಚಿ. ಈ ಕ್ರಮವನ್ನು ದಯವಿಟ್ಟು ನೆನಪಿಡಿ.

ಪೈಥಾನಿನಲ್ಲಿ ಒಂದು ಕೆಲಸ ಮಾಡುವ ರೀತಿಯನ್ನು ಒಮ್ಮೆ ಬರೆದು, ಹೆಸರಿಟ್ಟು, ಬೇಕೆಂದಾಗ ಕರೆಯಬಹುದು. ಅದಕ್ಕೆ ಫಂಕ್ಷನ್ ಎನ್ನುತ್ತಾರೆ. ನಾನು ಬರೆದದ್ದು ಇಷ್ಟೇ: ಮನೆಯ ಹೆಸರು ಮತ್ತು ಬರಬೇಕಾದವರ ಪಟ್ಟಿ ಕೊಟ್ಟರೆ ಕರೆಯೋಲೆ ಬರೆ. ಪಟ್ಟಿ ಕೊಡದಿದ್ದರೆ ಖಾಲಿ ಪಟ್ಟಿಯೊಂದನ್ನು ತೆಗೆದುಕೊಂಡು, ಅದರಲ್ಲಿ ಮನೆಯ ಹಿರಿಯಳ ಹೆಸರು ಹಾಕಿಕೋ. ಬುದ್ಧಿ ಇದ್ದ ಯಾರೇ ಆದರೂ ಇದನ್ನು ಏನೆಂದು ತಿಳಿಯುತ್ತಾರೆ? ತಾಟು ತರದೆ ಊಟಕ್ಕೆ ಬಂದವರಿಗೆ ಮನೆಯದೊಂದು ಸ್ವಚ್ಛ ತಾಟು ಇಡು ಎಂದು. ಪ್ರತಿಯೊಬ್ಬರಿಗೂ ಒಂದೊಂದು. ಆದರೆ ಈ ಭಾಷೆ ಹಾಗೆ ತಿಳಿಯುವುದಿಲ್ಲ. ಅದು ಫಂಕ್ಷನ್ ಬರೆದ ಗಳಿಗೆಯಲ್ಲಿ ಒಂದೇ ಒಂದು ತಾಟು ತೆಗೆದಿಡುತ್ತದೆ, ತಾಟು ತರದೆ ಬಂದವರಿಗೆಲ್ಲ ಅದೇ ತಾಟು. ಮೊದಲಿನವರು ಉಂಡು ಎದ್ದ ಮೇಲೆ ತೊಳೆಯುವುದಿಲ್ಲ. ಅವರ ಎಂಜಲಿನ ಮೇಲೆಯೇ ಎರಡನೆಯವರಿಗೆ, ಎರಡನೆಯವರ ಎಂಜಲಿನ ಮೇಲೆಯೇ ಮೂರನೆಯವರಿಗೆ ಬಡಿಸುತ್ತದೆ. ಇದು ಅದನ್ನು ಮಾಡಿದವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದೆ. ಕಲಿಯುವವರಿಗಾಗಿ ಬರೆದ ಕೈಪಿಡಿಯಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ರಸ್ತೆಯಲ್ಲಿ ತಗ್ಗು ಬಿದ್ದರೆ ಮುಚ್ಚುವ ಬದಲು ಪಕ್ಕದಲ್ಲಿ ಸುಣ್ಣ ಬಳಿದ ಕಲ್ಲು ಇಟ್ಟಂತೆ.

ಹಾಗಾದರೆ ನಿನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ನಾನದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಐದು ಅಂಕಕ್ಕೆ ಪ್ರಶ್ನೆ ಕೇಳಿದ್ದೇನೆ, ತಪ್ಪು ಬರೆದವರಿಗೆ ಅರ್ಧ ಅಂಕವನ್ನೂ ಕೊಟ್ಟಿಲ್ಲ. ಈ ಪ್ರಬಂಧದಲ್ಲಿ ನಾನು ಮುಚ್ಚಿಡಬೇಕೆಂದುಕೊಂಡಿದ್ದ ಸಂಗತಿ ಇದೊಂದೇ, ಅದೂ ಹೊರಗೆ ಬಂತು.

ಪಟ್ಟಿಯಿಲ್ಲದವುಗಳಲ್ಲಿ ಮೊದಲ ಕರೆಯೋಲೆಯನ್ನು ತೆರೆದು ಓದಿದೆ. ಮುತ್ತಿನಂತಿತ್ತು: ಬರಬೇಕಾದವರು ಗಂಗವ್ವ. ಒಂದು ಸರಿಯಿದ್ದಮೇಲೆ ಎಲ್ಲ ಸರಿ ಎಂದು, ಕಳಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಿ ಕಾಲೇಜಿಗೆ ಹೋದೆ. ಮಧ್ಯಾಹ್ನ ಎರಡನೆಯ ಪಿರಿಯಡ್ ಮುಗಿಯುವುದರೊಳಗೆ ಅವ್ವನ ಫೋನು ಏಳು ಸಲ ಬಂದಿತ್ತು. ಮೂವತ್ತು ಮನೆಗಳಿಗೆ ಎಲ್ಲ ಸರಿಯಾಗಿ ಹೋಗಿತ್ತು. ನಮ್ಮವರೆಂದು ಅವ್ವ ಪಟ್ಟಿ ಕೊಡದೆ ಬಿಟ್ಟಿದ್ದ ಹನ್ನೊಂದು ಮನೆಗಳಲ್ಲಿ ಮಾತ್ರ ಎರಡನೆಯ ಮನೆಗೆ ಎರಡು ಹೆಸರು, ಮೂರನೆಯದಕ್ಕೆ ಮೂರು, ಹೀಗೆ ಏರುತ್ತ ಹೋಗಿ ಚಾಚಿಯ ಫೋನಿಗೆ ಹನ್ನೊಂದು ಹೆಸರು ತಲುಪಿದ್ದವು. ಸಂಪಗಾಂವದ ಅತ್ತೆಗೆ ಹೋದದ್ದು ಹೀಗೆ: ಬರಬೇಕಾದವರು ಗಂಗವ್ವ, ಶಾಂತಕ್ಕ, ಆಮೇಲೆ ಇನ್ನೈದು ಜನ, ಕೊನೆಗೆ ಕಾಶವ್ವ.

ಗಂಗವ್ವ ದೊಡ್ಡವ್ವನಿಗೂ ಕಾಶವ್ವತ್ತೆಗೂ ನಾಲ್ಕು ವರ್ಷದಿಂದ ಮಾತಿಲ್ಲ. ಕಾರಣ ಒಂದು ಖಣ. ದೊಡ್ಡವ್ವನ ಮೊಮ್ಮಗಳ ತೊಟ್ಟಿಲಿಗೆ ಅತ್ತೆ ಕುಪ್ಪಸ ಹೊಲಿಸುವ ಖಣವೊಂದನ್ನು ಕೊಟ್ಟಿದ್ದಳು, ಹಸಿರು ಮೈ, ಕೆಂಪು ಅಂಚು. ಎರಡು ವರ್ಷದ ನಂತರ ಇನ್ನೊಂದು ಮನೆಯ ಕಾರ್ಯದಲ್ಲಿ ದೊಡ್ಡವ್ವ ಅತ್ತೆಗೆ ಉಡಿ ತುಂಬಿದಾಗ ಅದೇ ಖಣ ಅತ್ತೆಯ ಉಡಿಗೆ ಬಂದು ಬಿತ್ತು. ಮೂಲೆಗೆ ತಾನೇ ಹಚ್ಚಿದ ಅರಿಷಿಣದ ಬೊಟ್ಟಿನಿಂದ ಅತ್ತೆ ಅದನ್ನು ಗುರುತು ಹಿಡಿದಳು. ಅಂದಿನಿಂದ ಇಬ್ಬರೂ ಒಂದೇ ಜಮಖಾನೆಯ ಮೇಲೆ ಕೂರುವುದಿಲ್ಲ.

“ಈಗರ ಮನಿಮನಿಗೆ ಹೋಗತೀಯೋ, ಇನ್ನೂ ಏನರ ಕಳಸೂದೈತೋ?” ಎಂದಳು ಅವ್ವ. ಅಕ್ಕ ರಾಮದುರ್ಗದಿಂದ ಫೋನು ಮಾಡಿ, “ಅತ್ತಿ ಏನಂದ್ಲು?” ಎಂದಷ್ಟೇ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಕುಂಕುಮದ ಬಟ್ಟಲು ಹಿಡಿದು ಹೊರಟೆ. ದೊಡ್ಡವ್ವ ಬಾಗಿಲಲ್ಲಿಯೇ ಸ್ವಾಗತಿಸಿದಳು. “ಬಾರವಾ ಮಾಸ್ತರಬಾಯಿ. ನನ್ನ ಹೆಸರು ಹನ್ನೊಂದು ಫೋನಿನ್ಯಾಗ ಐತೆಂತ. ನಾ ಏನ ಇಲೆಕ್ಷನ್ನಿಗೆ ನಿಂತೇನೇನ?” ನಾನು ತಪ್ಪಾಯಿತೆಂದೆ. ಚಾ ಬಂತು. ಚಾದ ಜೊತೆ ದೊಡ್ಡವ್ವ ತಾನಾಗಿಯೇ ಖಣದ ಮಾತು ತೆಗೆದಳು. “ಆಕಿದ ಅಂತ ನನಗೇನ ಕನಸ ಬಿದ್ದಿತ್ತ? ಟ್ರಂಕಿನ್ಯಾಗ ಕೈ ಹಾಕಿದೆ, ಸಿಕ್ತು, ಕೊಟ್ಟೆ. ನನಗ ಗೊತ್ತಿದ್ರ ಕೊಡತಿದ್ದೆನ? ಹೋಗಿ ಆಕಿ ಮುಂದ ಹೇಳಬ್ಯಾಡ ಮತ್ತ.” ಒಬ್ಬರ ಮಾತನ್ನು ಇನ್ನೊಬ್ಬರಿಗೆ ಒಯ್ದು ಮುಟ್ಟಿಸುವ ಅಭ್ಯಾಸ ನನಗೆ ಹುಟ್ಟಿದಾಗಿನಿಂದ ಇಲ್ಲ. ಹಾಗೆಂದೇ ಭರವಸೆ ಕೊಟ್ಟೆ.

ಶಾಂತಕ್ಕನ ಮನೆಯಲ್ಲಿ, “ನಾ ಗಂಗವ್ವನ ಬೆನ್ನ ಹತ್ತಿ ಬರಬೇಕೇನ? ನಮ್ಮ ಮನಿಗೆ ಬ್ಯಾರೆ ಕರಿ ಇಲ್ಲಾ?” ಎಂಬ ಆಕ್ಷೇಪ. ಮೂರನೆಯ ಮನೆಯಲ್ಲಿ, “ಊರಾನವರ ಹೆಸರ ಅದಾವ, ನಮ್ಮ ಸೊಸಿದ ಇಲ್ಲ” ಎಂದು. ನಾಲ್ಕನೆಯ ಮನೆಯಲ್ಲಿ ಹೆಸರಿನ ಮಾತೇ ಬರಲಿಲ್ಲ, ಫೋನಿನಲ್ಲಿ ಕರೆದದ್ದೇ ತಪ್ಪಾಗಿತ್ತು. ನನ್ನ ಸಿಟ್ಟು ಮಾತ್ರ ಪ್ರತಿ ಮೆಟ್ಟಿಲಿಗೂ ಹೆಚ್ಚುತ್ತ ಹೋಯಿತು, ಅವರ ಮೇಲಲ್ಲ, ಆ ತೊಳೆಯದ ತಾಟಿನ ಮೇಲೆ. ಐದನೆಯ ಮನೆಯನ್ನು ಹೊಗುವಷ್ಟರಲ್ಲಿ ಉತ್ತರಗಳೆಲ್ಲ ಬಾಯಲ್ಲೇ ಇದ್ದವು. ಕುಳಿತವಳೇ, ಬೇರೆ ಕರೆ ಇದೆ, ಸೊಸೆಯ ಹೆಸರು ಬಿಟ್ಟದ್ದು ಬೇಕೆಂದಲ್ಲ, ಫೋನಿನಲ್ಲಿ ಕಳಿಸಬಾರದಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಮನೆಯ ಹಿರಿಯಳು ಕಣ್ಣು ಕಿರಿದು ಮಾಡಿ ಕೇಳಿ, “ಫೋನು ನಮ್ಮ ಹುಡುಗೀ ಕಡೆ ಇತ್ತವಾ, ನಾ ನೋಡೇ ಇಲ್ಲ. ತಡಿ, ಈಗ ಓದಸ್ತೇನಿ ಏನೈತಿ ಅಂತ” ಎಂದು ಎದ್ದಳು. ಓದಿಸಿದ ಮೇಲೆ ಅವಳಿಗೂ ಸಿಟ್ಟು ಬಂತು.

ಮರುದಿನ ಸಂಪಗಾಂವದ ಬಸ್ಸು ಹತ್ತಿದೆ. ಅತ್ತೆ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತಿದ್ದಳು. ‘ಬಾ’ ಎನ್ನಲಿಲ್ಲ. ಸೆರಗಿಗೆ ಕೈ ಒರೆಸಿ, ಫೋನು ತೆಗೆದು, ನನ್ನ ಕರೆಯೋಲೆಯನ್ನು ನನಗೇ ಓದಿ ಹೇಳಿದಳು, ಒಂದೊಂದು ಹೆಸರಿಗೂ ಒಂದೊಂದು ಶೇಂಗಾ ಒಡೆಯುತ್ತ.

“ಎಂಟನೇದಾಕಿ ನಾನು” ಎಂದಳು. “ನಿಮ್ಮಪ್ಪನ ಬೆನ್ನಿಗೆ ಬಿದ್ದಾಕಿ. ಮೊದಲನೇದಾಕಿ ನಿಮ್ಮವ್ವನ ಅಕ್ಕ. ಇರಲಿ ಬಿಡು, ನಿಮ್ಮ ಮನ್ಯಾಗ ಯಾರ ಹೆಸರ ಯಾವಾಗ ನೆನಪಾಕ್ಕೈತಿ ಅಂತ ಗೊತ್ತಾತು.”

ಅವ್ವ ಕಾಲು ಚಾಚಿ ಕುಳಿತು ಹೇಳಿದ ಕ್ರಮ ಮನೆಯೊಳಗಿನ ಮಾತು, ಅದನ್ನು ಈ ಭಾಷೆ ಹೊತ್ತು ತಂದು ಸಂಪಗಾಂವದ ಪಡಸಾಲೆಯಲ್ಲಿ ಸುರಿದಿತ್ತು. ಸಿಟ್ಟಿನಿಂದ ನನ್ನ ಬಾಯಿ ತೆರೆಯಿತು. ಅತ್ತೆಗೆ ತಾಟಿನ ಕಥೆಯನ್ನೆಲ್ಲ ಹೇಳಿದೆ. ತಾಟು ತರದೆ ಬಂದವರಿಗೆಲ್ಲ ಒಂದೇ ತಾಟಿನಲ್ಲಿ ನೀಡುತ್ತದೆ ಎಂದೆ.

“ತೊಳೀದನ?” ಎಂದಳು ಅತ್ತೆ.

“ತೊಳೀದನ.”

“ಥೂ! ಇಂಥಾದ್ದ ಕಾಲೇಜಿನ್ಯಾಗ ಕಲಸ್ತೀರೇನ?”

“ಕಲಸ್ತೇವಿ. ಪರೀಕ್ಷಾಕ್ಕೂ ಕೇಳ್ತೇವಿ.”

“ಮತ್ತ ಅದನ್ನ ಮಾಡಿದವ್ರಿಗೆ ಯಾರೂ ಏನೂ ಅನ್ನಂಗಿಲ್ಲ?”

ನನ್ನ ಸಿಟ್ಟನ್ನು ಇಷ್ಟು ಸರಿಯಾಗಿ ತಿಳಿದುಕೊಂಡವರು ವಿಶ್ವವಿದ್ಯಾಲಯದಲ್ಲಿಯೂ ಸಿಕ್ಕಿರಲಿಲ್ಲ. ಆ ಸಂತೋಷದಲ್ಲಿ ನಾನು ನಿಲ್ಲಲಿಲ್ಲ. ಶಾಂತಕ್ಕನ ಬೇರೆ ಕರೆ, ಮೂರನೆಯ ಮನೆಯ ಸೊಸೆ, ನಾಲ್ಕನೆಯ ಮನೆಯ ಫೋನು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ, “ದೊಡ್ಡವ್ವಗೂ ಆ ಖಣ ನಿಂದಂತ ಗೊತ್ತಿರಲಿಲ್ಲಂತ, ಟ್ರಂಕಿನ್ಯಾಗ ಕೈಗೆ ಸಿಕ್ಕಿದ್ದ ಕೊಟ್ಲಂತ” ಎಂದೂ ಹೇಳಿಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆಯ ಕೈಯಲ್ಲಿದ್ದ ಶೇಂಗಾ ಒಡೆಯದೆ ಹಾಗೇ ಉಳಿಯಿತು.

“ಹಂಗಂದ್ಲಾ?”

ನಾನು ಎದ್ದು ಕುಂಕುಮದ ಬಟ್ಟಲನ್ನು ಕೈಗೆತ್ತಿಕೊಂಡೆ.

“ಚಾ ಕುಡದ ಹೋಗು” ಎಂದಳು. ಕುಬಸಕ್ಕೆ ಬರುತ್ತಾಳೋ ಇಲ್ಲವೋ ಎಂದು ಬಸ್ಸಿನವರೆಗೆ ಕೇಳಿದರೂ ಹೇಳಲಿಲ್ಲ. “ನೋಡೂಣು ತಗೋ” ಎಂದಳು. ಅಕ್ಕನಿಗೆ ಫೋನಿನಲ್ಲಿ ಅದನ್ನೇ ಹೇಳಿದೆ. ಅಕ್ಕ “ಹೂಂ” ಎಂದಳು, ಇಟ್ಟುಬಿಟ್ಟಳು.

ಉಳಿದ ಮನೆಗಳನ್ನು ಮುಗಿಸಿ ಸಂಜೆಗೆ ಖಾತೂನಬೀ ಚಾಚಿಯ ಮನೆಗೆ ಬಂದೆ. ಚಾಚಿ ಬಳೆಯ ಪೆಟ್ಟಿಗೆಗಳ ನಡುವೆ ಕುಳಿತು ಹಸಿರು ಬಳೆಗಳನ್ನು ದಾರಕ್ಕೆ ಪೋಣಿಸಿ ಕಟ್ಟು ಮಾಡುತ್ತಿದ್ದರು. ನಾನು ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಆರಂಭಿಸಿದೆ. ಹತ್ತು ಮನೆಗಳ ಆಕ್ಷೇಪಕ್ಕೂ ಉತ್ತರ ಕೊಟ್ಟೆ. ಯಾರ ಹೆಸರೂ ಮೊದಲಲ್ಲ, ಯಾರದೂ ಕೊನೆಯಲ್ಲ; ಸೊಸೆಯರನ್ನು ಮರೆತಿಲ್ಲ; ಖಣದ ವಿಷಯದಲ್ಲಿ ನಾನು ಯಾರ ಪಕ್ಷವೂ ಅಲ್ಲ; ಎಂಟನೆಯದು ಎಂದರೆ ಕಡಿಮೆ ಎಂದು ಯಾಕೆ ತಿಳಿಯಬೇಕು? ಕೊನೆಕೊನೆಗೆ ದನಿಯೂ ಸ್ವಲ್ಪ ಏರಿರಬೇಕು.

ಚಾಚಿ ಎಲ್ಲ ಕೇಳಿ, ಕೈಯಲ್ಲಿದ್ದ ಕಟ್ಟಿಗೆ ಗಂಟು ಹಾಕಿದರು. “ಬೇಟಿ, ಇದೆಲ್ಲಾ ನನಗ್ಯಾಕ ಹೇಳಾಕತ್ತಿ? ನಾ ಏನರ ಅಂದೆನೇನ? ಹತ್ತ ಮನೀದು ಹೊತಗೊಂಡ ಬಂದೀಯಲ್ಲ, ದಾರ್‍ಯಾಗ ಎಲ್ಲೂ ಇಳಸಲಿಲ್ಲೇನ?”

ಆಮೇಲೆ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. “ನೀ ಕಳಿಸಿದ್ದ ಬೇಸ ಆತು ನೋಡು. ಪ್ರತಿ ಸಲ ಎಷ್ಟ ಮಂದಿ, ಯಾರ್‍ಯಾರು ಅಂತ ನಿಮ್ಮವ್ವನ ಕೇಳಿ ಕೇಳಿ ಸಾಕಾಕ್ಕಿತ್ತು. ಈ ಸಲ ಹನ್ನೊಂದು ಮಂದಿ ಹೆಸರ ಬಂತು. ಒಬ್ಬೊಬ್ಬರ ಕೈ ಅಳತಿ ನನಗ ಗೊತ್ತೈತಿ. ಇದು ಗಂಗವ್ವಂದು, ದಪ್ಪ ಕೈ. ಇದು ಸಂಪಗಾಂವದ ಕಾಶವ್ವಂದು, ಸಣ್ಣ ಅಳತಿ.” ಹತ್ತು ಕಟ್ಟುಗಳು ಸಾಲಾಗಿ ಸಿದ್ಧವಾಗಿದ್ದವು. ಹನ್ನೊಂದನೆಯದು ಅವರದೇ, ಆಗಲೇ ಕೈಗೆ ಏರಿತ್ತು. ತಮಗೆ ಬಂದದ್ದು ಕರೆಯೋ ಬಳೆಯ ಪಟ್ಟಿಯೋ ಎಂದು ಅವರು ತಲೆ ಕೆಡಿಸಿಕೊಂಡಿರಲಿಲ್ಲ.

ನಾನು ಮನೆಗೆ ನಡೆದು ಬಂದೆ. ದಾರಿಯಲ್ಲಿ ಲೆಕ್ಕ ಹಾಕಿದೆ. ಮೊದಲನೆಯ ಮನೆಯಲ್ಲಿ ಒಂದು ಮಾತು, ಎರಡನೆಯದರಲ್ಲಿ ಎರಡು, ಚಾಚಿಯ ಮನೆಯಲ್ಲಿ ಹನ್ನೊಂದು. ಈ ಏರಿಕೆಯನ್ನು ನಾನು ಎಲ್ಲಿಯೋ ನೋಡಿದ್ದೆ.

ಕುಬಸದ ದಿನ ಹನ್ನೊಂದು ಗಂಟೆಯಾದರೂ ಅತ್ತೆಯ ಸುಳಿವಿರಲಿಲ್ಲ. ಅಕ್ಕ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು. ರಾಮದುರ್ಗದಿಂದ ಬಂದ ಅವಳ ಅತ್ತೆ, “ಹೊತ್ತಾತಲ್ರಿ, ಯಾರರ ಒಬ್ಬರು ಸುರು ಮಾಡ್ರಿ” ಎಂದರು. ದೊಡ್ಡವ್ವ ಉಡಿಯ ಸಾಮಾನಿದ್ದ ತಾಂಬಾಳಕ್ಕೆ ಕೈ ಹಾಕಿದಳು. ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ದನಿ ಕೇಳಿತು. “ಎಂಟನೇದಾಕಿ ಬಂದಾಳು, ಜಾಗಾ ಬಿಡ್ರಿ.” ದೊಡ್ಡವ್ವ ಎತ್ತಿದ ತಾಂಬಾಳವನ್ನು ಹಾಗೆಯೇ ಕಾಶವ್ವತ್ತೆಯ ಕೈಗೆ ಕೊಟ್ಟಳು, ಮುಖ ನೋಡದೆ. ಅತ್ತೆಯೂ ಮುಖ ನೋಡದೆ ತೆಗೆದುಕೊಂಡಳು. ಉಡಿ ತುಂಬುವಾಗ ಅಕ್ಕ ತಲೆ ಬಗ್ಗಿಸಿದಳು, ಅತ್ತೆ ಒಂದು ಕೈಯಿಂದ ಅವಳ ಬೈತಲೆಯನ್ನು ಒಮ್ಮೆ ಸವರಿದಳು, ಎಣ್ಣೆ ಹಚ್ಚಿದಂತೆ.

ಬಂದ ಹೆಂಗಸರಿಗೆ ಖಣ ಕೊಡುವ ಕೆಲಸ ಅತ್ತೆಗೇ ಬಂತು. ಎಲ್ಲರಿಗೂ ನಮ್ಮ ಬುಟ್ಟಿಯಿಂದ ಕೊಟ್ಟಳು. ದೊಡ್ಡವ್ವನ ಸರದಿ ಬಂದಾಗ ಮಾತ್ರ ತನ್ನ ಚೀಲಕ್ಕೆ ಕೈ ಹಾಕಿದಳು. ಹಸಿರು ಮೈ, ಕೆಂಪು ಅಂಚು, ಮೂಲೆಯಲ್ಲಿ ಅರಿಷಿಣದ ಬೊಟ್ಟು. ಅವ್ವ ಉಸಿರು ಹಿಡಿದಳು. ದೊಡ್ಡವ್ವ ಖಣವನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಮಡಚಿದಳು. “ಇದನ್ನ ಯಾರರ ಹೊಲಸ್ತೀರೋ, ಇಲ್ಲಾ ಹಿಂಗ ತಿರಗಸ್ತನ ಇರತೀರೋ?” ಎಂದಳು. “ನೀ ಹೊಲಸು. ಇಲ್ಲಾಂದ್ರ ಮತ್ತ ನನ್ನ ಕಡೇನ ಬರತೈತಿ” ಎಂದಳು ಅತ್ತೆ. ನಾಲ್ಕು ವರ್ಷದ ಮೇಲೆ ಅವರಿಬ್ಬರೂ ಆಡಿದ ಮೊದಲ ಮಾತು ಇದು. ಒಂದೇ ಜಮಖಾನೆಯ ಮೇಲೆ ಕುಳಿತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ಫಂಕ್ಷನ್ನನ್ನು ಅದೇ ವಾರ ತಿದ್ದಿದೆ. ಎರಡೇ ಸಾಲು: ಪಟ್ಟಿ ಕೊಡದೆ ಬಂದವರಿಗೆ ಆಗಿಂದಾಗ ಹೊಸದೊಂದು ಖಾಲಿ ಪಟ್ಟಿ ಮಾಡಿಕೋ. ಇಷ್ಟು ಸಣ್ಣ ಸಭ್ಯತೆಯನ್ನು ಭಾಷೆಯೇ ಇಟ್ಟುಕೊಂಡು ಬರಬಾರದಿತ್ತೇ ಎಂಬ ನನ್ನ ಸಿಟ್ಟು ಇನ್ನೂ ಹಾಗೇ ಇದೆ. ಮೊನ್ನೆ ತರಗತಿಯಲ್ಲಿ ಈ ಪಾಠವೇ ಬಂದಿತ್ತು. ಹಿಂದಿನ ಲೆಕ್ಕವನ್ನು ಹೊತ್ತು ತರುವುದು ಎಂಥ ಅಸಹ್ಯ, ಪ್ರತಿ ಸಲ ಹೊಸ ತಾಟಿನಿಂದ ಆರಂಭಿಸುವುದು ಎಷ್ಟು ಮುಖ್ಯ ಎಂದು ಬಹಳ ಹೊತ್ತು ಹೇಳಿದೆ. ಹೇಳಿ ಮುಗಿಸಿ, ನಿನ್ನೆ ಕೊಟ್ಟ ಕೆಲಸವನ್ನು ಒಬ್ಬರೂ ಮಾಡಿಕೊಂಡು ಬಂದಿಲ್ಲವೆಂದು ಎಲ್ಲರನ್ನೂ ನಿಲ್ಲಿಸಿ ಬೈದೆ. ನನ್ನ ದನಿ ಅಷ್ಟು ಏರಿದ್ದನ್ನು ಅವರು ಕೇಳಿರಲಿಲ್ಲ. ಮೊದಲ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಕೈ ಎತ್ತಿದಳು.

“ಮೇಡಂ, ಅದು ಎ ಸೆಕ್ಷನ್ ರೀ. ನಾವು ಬಿ.”